ಎಡಚನ ಎಡೆ

ಕೊಳ್ಳೇಗಾಲದ ಗ್ರಂಧಿಗೆ ಅಂಗಡಿಯಲ್ಲಿ ರಾಳ ಕೇಳಿದರೆ, ಚಿತ್ರ ಬರೆಯುವುದಕ್ಕೆ ಇರಬಹುದು ಎಂದು ಯಾರ ತಲೆಗೂ ಹೊಳೆಯುವುದಿಲ್ಲ. ಪಂಜಿನ ಮೇಲೆ ಎರಚುವುದಕ್ಕೆ ಎಂದುಕೊಳ್ಳುತ್ತಾರೆ. ಪಿತೃಪಕ್ಷ ಬಂತೆಂದರೆ ಧೂಪಕ್ಕೆ ಎಂದುಕೊಳ್ಳುತ್ತಾರೆ. ರೂಪ ಅಂಗಡಿಗೆ ಹೋದದ್ದು ಪಕ್ಷದ ದಿನಗಳಲ್ಲೇ. ಹೋಗಬಾರದಿತ್ತು ಎನ್ನುವಂತಿಲ್ಲ, ಮೈಸೂರಿನಿಂದ ತರಿಸುತ್ತಿದ್ದ ಡಬ್ಬಿ ಖಾಲಿಯಾಗಿತ್ತು, ಕೆಲಸ ಅರ್ಧಕ್ಕೆ ನಿಂತಿತ್ತು. ಆದರೆ ಅಂಗಡಿಗೆ ಹೋದವರು ಬೇಕಾದ್ದು ಕೇಳಿ, ತೂಗಿಸಿಕೊಂಡು, ಬಾಯಿ ಮುಚ್ಚಿಕೊಂಡು ಬರಬೇಕು. ಅವಳು ಬಾಯಿ ಬಿಟ್ಟಳು, ಇಷ್ಟೆಲ್ಲ ಆಯಿತು.

“ಎಡೆಗಾ ಮೇಡಮ್ಮೋರೆ?” ಎಂದು ಅಂಗಡಿಯ ಷಡಕ್ಷರಿ ಕೇಳಿದ. ರೂಪ ಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುವವಳು, ಊರಿಗೆಲ್ಲ ಮೇಡಮ್ಮು.

ತಾಮ್ರದ ಪ್ಲೇಟು, ಆಸಿಡ್ಡು, ಅದರ ಮೇಲೆ ರಾಳದ ಪುಡಿ, ಇದನ್ನೆಲ್ಲ ಈ ಜನಸಂದಣಿಯಲ್ಲಿ ಯಾರು ವಿವರಿಸುತ್ತ ಕೂರುತ್ತಾರೆ? “ಹೂಂ ಅಣ್ಣ, ಎಡೆಗೇ” ಎಂದುಬಿಟ್ಟಳು.

“ಯಾರ್ಗೆ?”

ಈ ಸೀಮೆಯಲ್ಲಿ ಅದು ಕೇಳಲೇಬೇಕಾದ ಪ್ರಶ್ನೆ. ಧೂಪ ಕೊಳ್ಳುವಾಗ ಯಾರಿಗೆ ಎಂದು ಹೆಸರು ಹೇಳಿದರೆ ಅವರಿಗೆ ಕರೆ ಹೋದಂತೆ. ರೂಪನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ, ಮೊಬೈಲ್ ನೋಡಿಕೊಂಡು, “ಅಪ್ಪಂಗೆ” ಎಂದಳು.

ಷಡಕ್ಷರಿಯ ಕೈಯಲ್ಲಿದ್ದ ತಕ್ಕಡಿ ನಿಂತಿತು. ಅವಳ ಅಪ್ಪ ಶಿವನಂಜಯ್ಯನನ್ನು ಅವನು ಬಲ್ಲವನೇ. ಭರಚುಕ್ಕಿಯ ಕೆಳಗೆ ತೆಪ್ಪ ಹಾಕುತ್ತಿದ್ದಾಗ ಎಷ್ಟೋ ಸಲ ಇವನ ಹೆಂಡತಿ ಮಕ್ಕಳನ್ನು ನೀರಿನಲ್ಲಿ ಸುತ್ತಾಡಿಸಿದ್ದ ಆಸಾಮಿ. ಷಡಕ್ಷರಿ ಕೇಳದೆಯೇ ಒಂದು ಹಿಡಿ ಸಾಂಬ್ರಾಣಿಯನ್ನೂ ರಾಳದ ಜೊತೆ ಸೇರಿಸಿ, ಪೊಟ್ಟಣ ಕಟ್ಟಿ, ಎರಡೂ ಕೈಯಲ್ಲಿ ಕೊಟ್ಟ.

“ಒಳ್ಳೇದಾಯ್ತು ಕಣ್ರವ್ವ. ಈಗ್ಲಾದ್ರೂ ನಿಮ್ಮವ್ವಾರು ಒಪ್ಕಂಡ್ರಲ್ಲ. ಎಸ್ರೇಳಿ ತಕಂಡಿದ್ದೀರಿ, ಇನ್ನು ಅವ್ರು ದಾರಿ ಇಡ್ದಂಗೆ.”

ಅವ್ವ ಒಪ್ಪಿಲ್ಲ ಅಣ್ಣ, ಇದು ಎಡೆಗಲ್ಲ, ಎಂದು ಅಲ್ಲೇ ಹೇಳಿಬಿಡಬಹುದಿತ್ತು. ನಾಚಿಕೆ ಬಿಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಶಿವನಂಜಯ್ಯನದು ಧನಗೆರೆ. ಹೊಲ ಗದ್ದೆ ಇತ್ತು. ಆದರೆ ಮನಸ್ಸೆಲ್ಲ ಹೊಳೆಯ ಮೇಲೆ. ಎಡಗೈಯಲ್ಲಿ ಹುಟ್ಟು ಹಾಕುತ್ತಿದ್ದುದರಿಂದ ದಡದವರೆಲ್ಲ ಅವನನ್ನು ಎಡಚಯ್ಯ ಎನ್ನುತ್ತಿದ್ದರು. ಉಣ್ಣುವುದೂ ಎಡಗೈಯಲ್ಲೇ. ಅವನ ಅಪ್ಪ ಹೊಡೆದು ನೋಡಿದ, ಅವ್ವ ಅತ್ತು ನೋಡಿದಳು, ಕೈ ಬದಲಾಗಲಿಲ್ಲ. ಮದುವೆಯಾಗಿ ಬಂದ ಮಾದೇವಮ್ಮ ಮಾತ್ರ ಏನೂ ಅನ್ನದೆ, ಎಲ್ಲರಿಗೂ ಎಲೆಯ ಎಡಗಡೆ ಇಡುವ ನೀರಿನ ಚೊಂಬನ್ನು ಅವನಿಗೆ ಬಲಗಡೆ ಇಟ್ಟಳು. ಎಡಗೈ ಎಂಜಲಾದವನು ಬಲಗೈಯಲ್ಲಿ ತಾನೆ ನೀರು ಕುಡಿಯಬೇಕು? ಅವರಿಬ್ಬರ ಸಂಸಾರ ಶುರುವಾದದ್ದೇ ಆ ಚೊಂಬಿನಿಂದ ಎಂದು ಅವನು ನಗುತ್ತಿದ್ದ.

ಕಬಿನಿ, ಕನ್ನಂಬಾಡಿ ಎರಡರಿಂದಲೂ ಒಟ್ಟಿಗೆ ನೀರು ಬಿಟ್ಟ ವರ್ಷ, ತೆಪ್ಪ ಕೊಚ್ಚಿಹೋಗದ ಹಾಗೆ ಕಟ್ಟಿ ಬರುತ್ತೇನೆಂದು ಹೋದವನು ಬರಲಿಲ್ಲ. ತೆಪ್ಪ ಎಷ್ಟೋ ಕೆಳಗೆ, ಬಂಡೆಯ ಸಂದಿಯಲ್ಲಿ ಮಗುಚಿಕೊಂಡು ಸಿಕ್ಕಿತು. ಅವನು ಸಿಗಲಿಲ್ಲ, ಅವನ ಹುಟ್ಟೂ ಸಿಗಲಿಲ್ಲ. ಹೆಣ ಕಾಣದ ಸಾವನ್ನು ಮಾದೇವಮ್ಮ ಸಾವು ಎಂದು ಒಪ್ಪಲಿಲ್ಲ. ಹೊಳೆ ಇಲ್ಲಿಂದ ತಮಿಳು ಸೀಮೆಗೆ ಹೋಗುತ್ತದೆ, ಯಾವ ದಡಕ್ಕೆ ಹತ್ತಿದರೋ, ತಲೆಗೆ ಏಟು ಬಿದ್ದು ಊರು ಮರೆತರೋ, ಎನ್ನುವಳು. ಅಜ್ಜೀಪುರದ ಯಾರೋ ಮಾದಪ್ಪನ ಬೆಟ್ಟದ ದಾರಿಯಲ್ಲಿ ಹುಟ್ಟು ಹಿಡಿದ ಒಬ್ಬ ಮುದುಕನನ್ನು ಕಂಡೆವು ಎಂದದ್ದೇ ಸಾಕಾಯಿತು. ಬಳೆ ಬಿಚ್ಚಲಿಲ್ಲ. ಪಿತೃಪಕ್ಷದಲ್ಲಿ ಅವನಿಗೆ ಎಡೆ ಇಡಲಿಲ್ಲ. ಮಗಳ ಜೊತೆ ಕೊಳ್ಳೇಗಾಲಕ್ಕೆ ಬಂದ ಮೇಲೂ ದೀಪ ಹಚ್ಚುವ ಹೊತ್ತಿಗೆ ಒಂದು ಚೊಂಬು ನೀರನ್ನು ಹೊಸಿಲಿನಾಚೆ ಇಡುವುದನ್ನು ತಪ್ಪಿಸಲಿಲ್ಲ. ಬಂದವರು ಕಾಲು ತೊಳೆದುಕೊಂಡು ಒಳಗೆ ಬರಬೇಡವೇ? ಬೆಳಿಗ್ಗೆ ಆ ನೀರನ್ನು ತುಳಸಿಗೆ ಸುರಿಯುವಳು.

ಶಿವನಂಜಯ್ಯನ ಅಕ್ಕ ಶಂಕರಮ್ಮ, ಯಳಂದೂರಿನ ಹತ್ತಿರ ಅಗರಕ್ಕೆ ಕೊಟ್ಟವಳು, ಪ್ರತಿ ವರ್ಷವೂ ಬಂದು ಗಲಾಟೆ ಮಾಡಿ ಹೋಗುವಳು. ಎಡೆ ಸಿಗದ ಜೀವ ಆ ದಡಕ್ಕೂ ಹೋಗದೆ ಈ ದಡಕ್ಕೂ ಬರದೆ ನೀರಿನಲ್ಲೇ ನಿಂತಿರುತ್ತದೆ ಎಂಬುದು ಅವಳ ವಾದ. ಬದುಕಿರುವವನಿಗೆ ಎಡೆ ಇಟ್ಟರೆ ಅವನ ಆಯುಸ್ಸನ್ನು ನಾವೇ ಕಳೆದಂತೆ ಎಂಬುದು ಮಾದೇವಮ್ಮನ ವಾದ. ನಡುವೆ ಕೂತ ರೂಪನಿಗೆ ಇಬ್ಬರದೂ ಸರಿ ಎನ್ನಿಸುತ್ತಿತ್ತು, ಅದೇ ಅವಳ ಸಂಕಟ. ಅಪ್ಪ ಹೋದರು ಎಂದು ಅವಳಿಗೆ ಗೊತ್ತಿತ್ತು. ಅದನ್ನು ಅವ್ವನ ಬಾಯಲ್ಲಿ ಹೇಳಿಸುವುದು ಹೇಗೆ ಎಂದು ಗೊತ್ತಿರಲಿಲ್ಲ.

ಅವಳು ಮಾಡುತ್ತಿದ್ದ ಕೆಲಸವೂ ಆ ಹೊಳೆಯದೇ. ಮೈಸೂರಿನಲ್ಲಿ ಚಿತ್ರಕಲೆ ಓದುವಾಗ ಒಂದು ಹಳೆಯ ಮುದ್ರಣ ನೋಡಿದ್ದಳು. ಇನ್ನೂರು ವರ್ಷದ ಹಿಂದೆ ಕಂಪನಿ ಸೈನ್ಯದ ಯಾವನೋ ಬಿಳಿಯ ಭರಚುಕ್ಕಿಯ ಎದುರು ಕೂತು ಬರೆದುಕೊಂಡು ಹೋಗಿ, ಲಂಡನ್ನಿನಲ್ಲಿ ತಾಮ್ರದ ಮೇಲೆ ಕೊರೆಸಿ ಅಚ್ಚು ಹಾಕಿಸಿದ್ದು. ಹೆಸರಿದ್ದ ಅಂಚನ್ನು ಗೆದ್ದಲು ತಿಂದಿತ್ತು. ಮರಗಳನ್ನು ತನ್ನ ಊರಿನವೇ ಎಂಬಂತೆ ಬರೆದಿದ್ದ ಮಹಾರಾಯ; ಆದರೆ ನೀರು ಮಾತ್ರ ನೀರೇ. ಜಲಪಾತದ ಕೆಳಗೆ ಒಂದು ಬಂಡೆ, ಅದರ ಮೇಲೆ ಇರುವೆಯಷ್ಟು ಒಬ್ಬ ಮನುಷ್ಯ. ಅದು ಅಳತೆಯ ಆಳು, ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಆ ಕಾಲದವರು ಬೆಟ್ಟ, ಕೋಟೆ, ಜಲಪಾತ ಏನೇ ಬರೆಯಲಿ, ಮೂಲೆಯಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಿದ್ದರು, ಅವನಿಲ್ಲದಿದ್ದರೆ ನೋಡುವವರಿಗೆ ಅದರ ದೊಡ್ಡಸ್ತಿಕೆ ತಿಳಿಯುವುದಿಲ್ಲ.

ಅದೇ ನೋಟವನ್ನು, ಅದೇ ಹಳೆಯ ವಿಧಾನದಲ್ಲಿ, ಹೊಳೆಯ ಮಗಳಾದ ತಾನು ಮಾಡಬೇಕು ಎಂಬುದು ರೂಪನ ಬಹುದಿನದ ಆಸೆ. ಮನೆಯ ಹಿಂದಿನ ಶೆಡ್ಡು ಮೊದಲು ರೇಷ್ಮೆ ಹುರಿ ಮಾಡುತ್ತಿದ್ದ ಜಾಗ. ಮಿಷನ್ನು ಹೋದ ಮೇಲೆ ಅಲ್ಲಿ ಅವಳ ಪ್ರೆಸ್ಸು, ಆಸಿಡ್ಡಿನ ತಟ್ಟೆ, ರಾಳದ ಪೆಟ್ಟಿಗೆ ಕೂತವು. ತಾಮ್ರ ಹೊಸದಲ್ಲ. ಕಾಲೇಜಿನಲ್ಲಿ ಅದೇ ಪ್ಲೇಟಿನ ಮೇಲೆ ಅಪ್ಪನನ್ನು ಬರೆದಿದ್ದಳು, ತೆಪ್ಪದಲ್ಲಿ ನಿಂತು ಎಡಗೈಯಲ್ಲಿ ಹುಟ್ಟು ಹಿಡಿದವನನ್ನು. ಅಚ್ಚು ಹಾಕಿದರೆ ಕನ್ನಡಿಯ ಹಾಗೆ ತಿರುಗಿ ಬಂತು. ಪ್ಲೇಟಿನ ಎಡ ಕಾಗದದಲ್ಲಿ ಬಲ, ಇದು ಈ ವಿದ್ಯೆಯ ಮೊದಲ ಪಾಠ, ಅವಳು ಮರೆತಿದ್ದಳು. ಅಪ್ಪ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಯಾರವ್ವ ಇವ್ನು? ನಾನಲ್ಲ ಕಣವ್ವ, ಯಾವನೋ ಬಲಗೈನೋನು.” ಆ ಅವಮಾನಕ್ಕೆ ರೂಪ ಪ್ಲೇಟನ್ನು ಕೆರೆದು, ಉಜ್ಜಿ, ನುಣ್ಣಗೆ ಮಾಡಿ ಎತ್ತಿಟ್ಟಿದ್ದಳು. ಈಗ ತೆಗೆದದ್ದು ಅದನ್ನೇ.

ಜಲಪಾತ, ಬೆಟ್ಟ, ಬಂಡೆ ಎಲ್ಲವನ್ನೂ ಮೇಣ ಹಚ್ಚಿದ ತಾಮ್ರದ ಮೇಲೆ ಸೂಜಿಯಲ್ಲಿ ಗೀಚಿ, ಗೆರೆಗಳನ್ನು ಆಸಿಡ್ಡಿಗೆ ತಿನ್ನಿಸಿಯಾಗಿತ್ತು. ಉಳಿದದ್ದು ಮೋಡ, ಮಂಜು, ನೆರಳು. ಅವು ಗೆರೆಯಲ್ಲಿ ಬರುವುದಿಲ್ಲ, ಅದಕ್ಕೆ ರಾಳ ಬೇಕು. ಆಕ್ವಾಟಿಂಟ್ ಎನ್ನುವುದು ಇದಕ್ಕೇ. ಪುಡಿಯನ್ನು ಪೆಟ್ಟಿಗೆಯಲ್ಲಿ ಎಬ್ಬಿಸಿ, ಅದು ದೂಳಿನಂತೆ ಇಳಿಯುವಾಗ ಪ್ಲೇಟನ್ನು ಒಳಗಿಟ್ಟು, ಆಮೇಲೆ ಅಡಿಯಿಂದ ಬಿಸಿ ಮಾಡಿದರೆ ಕಾಳು ಕಾಳಾಗಿ ಅಂಟಿಕೊಳ್ಳುತ್ತದೆ. ಆ ಕಾಳುಗಳ ಸಂದಿಯಲ್ಲಿ ಮಾತ್ರ ಆಸಿಡ್ಡು ತಾಮ್ರವನ್ನು ಕಚ್ಚುತ್ತದೆ. ಬೇಗ ತೆಗೆದರೆ ಬೂದಿ ಬಣ್ಣ, ಬಿಟ್ಟಷ್ಟೂ ಕಪ್ಪು. ಬೆಳ್ಳಗೇ ಉಳಿಯಬೇಕಾದ ಕಡೆ ವಾರ್ನಿಷ್ ಬಳಿದು ಮುಚ್ಚಬೇಕು. ರೂಪ ನೀರನ್ನು ಮುಚ್ಚಿದಳು, ಬಂಡೆಯ ನೆತ್ತಿಯನ್ನೂ ಮುಚ್ಚಿದಳು. ಬಿಳಿಯನ ಚಿತ್ರದಲ್ಲಿ ಆಳು ನಿಂತಿದ್ದ ಆ ಬಂಡೆಯ ಮೇಲೆಯೇ ಅಪ್ಪ ದಿನಾ ನಿಂತು ನೀರಿನ ಮಟ್ಟ ನೋಡುತ್ತಿದ್ದದ್ದು. ಅಲ್ಲಿ ಇನ್ನೊಬ್ಬನನ್ನು ನಿಲ್ಲಿಸಲು ಅವಳಿಗೆ ಮನಸ್ಸು ಬರಲಿಲ್ಲ. ಬಂಡೆ ಬರಿದೇ ಇರಲಿ ಎಂದು ಬಿಟ್ಟಿದ್ದಳು.

ಷಡಕ್ಷರಿ ಕೊಟ್ಟ ರಾಳವನ್ನು ಕುಟ್ಟುವಾಗ ಸಾಂಬ್ರಾಣಿಯ ಗಟ್ಟಿಗಳನ್ನು ಆರಿಸಿ ತೆಗೆದಳು. ಪುಡಿಯಲ್ಲಿ ಬೆರೆತುಹೋದದ್ದನ್ನು ಎಲ್ಲಿ ಆರಿಸುತ್ತಾಳೆ? ಪ್ಲೇಟು ಕಾಯುತ್ತಿದ್ದ ಹಾಗೆ ಹೊಗೆ ಎದ್ದಿತು. ಎಂದೂ ಏಳದ ಹೊಗೆ. ಶೆಡ್ಡೆಲ್ಲ ಎಡೆಮನೆಯ ವಾಸನೆ.

ಮಾದೇವಮ್ಮ ಅಂಗಳದಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದವಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ಮಧ್ಯಾಹ್ನದ ಬಿಸಿಲು ಅವಳ ಬೆನ್ನ ಹಿಂದೆ.

“ಯಾರ್ಗೆ ಧೂಪ ಆಕ್ತಿದ್ದೀಯೆ?”

“ಧೂಪ ಅಲ್ಲ ಕಣವ್ವ. ಚಿತ್ರದ ರಾಳ.”

“ನಂಗೆ ವಾಸ್ನೆ ಗೊತ್ತಾಗಕಿಲ್ವಾ? ಪಕ್ಸದಲ್ಲಿ ಇಂಗೆ ಮಾಡ್ಬಾರ್ದು ಮಗ. ಯಾರಾದ್ರೂ ಬಂದ್ಬುಡ್ತಾರೆ.”

ಅಂಗಡಿಯಲ್ಲಿ ಆಡಿದ ಮಾತನ್ನು ರೂಪ ಹೇಳಲಿಲ್ಲ. ಅವ್ವ ಸೆರಗಿನಿಂದ ಹೊಗೆಯನ್ನು ಹೊರಕ್ಕೆ ಬೀಸಿ, ಗೊಣಗಿಕೊಂಡು ಹೋದಳು.

ಮಾರನೆಯ ದಿನ ಸ್ಕೂಲಿನಿಂದ ಬಂದವಳೇ ಮೊದಲ ಅಚ್ಚು ತೆಗೆದಳು. ಮಸಿ ತುಂಬಿ, ಬಟ್ಟೆಯಲ್ಲಿ ಒರೆಸಿ, ಒದ್ದೆ ಕಾಗದ ಹೊದಿಸಿ, ಪ್ರೆಸ್ಸಿನ ಚಕ್ರ ತಿರುಗಿಸಿ, ಮೂಲೆ ಹಿಡಿದು ಕಾಗದ ಎತ್ತಿದಳು. ಮೋಡ ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದಿತ್ತು. ನೀರು ಬೆಳ್ಳಗೆ ಧುಮುಕುತ್ತಿತ್ತು. ಒಂದು ಕ್ಷಣ ಖುಷಿಯಾಯಿತು. ಆಮೇಲೆ ಬಂಡೆ ನೋಡಿದಳು.

ಬಂಡೆಯ ಮೇಲೆ ಯಾರೋ ನಿಂತಿದ್ದರು.

ಇರುವೆಯಷ್ಟು. ನಮಗೆ ಬೆನ್ನು ಹಾಕಿ, ನೀರಿನ ಕಡೆ ತಿರುಗಿ. ಪಕ್ಕದಲ್ಲಿ ಒಂದು ಉದ್ದನೆಯ ಕೋಲಿನಂಥದು. ರೂಪ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಓದಿದವಳಲ್ಲವೇ, ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತಾಮ್ರ ಅಷ್ಟು ಸುಲಭಕ್ಕೆ ಏನನ್ನೂ ಮರೆಯುವುದಿಲ್ಲ. ಎಷ್ಟು ಕೆರೆದರೂ ಹಳೆಯ ಗೆರೆ ತಳದಲ್ಲಿ ಉಳಿದಿದ್ದು, ಮಸಿ ಕಂಡಾಗ ಎದ್ದು ಬರುವುದುಂಟು. ಕಾಲೇಜಿನ ಚಿತ್ರದ ಅಪ್ಪನೇ ಇದು. ಸರಿ, ಉಜ್ಜಿದರಾಯಿತು. ಪ್ಲೇಟು ತೊಳೆದು, ಬಿಸಿಲಿಗೆ ಓರೆ ಹಿಡಿದು ನೋಡಿದಳು. ಬಂಡೆಯ ನೆತ್ತಿ ನುಣ್ಣಗಿತ್ತು. ಗೆರೆಯಿಲ್ಲ, ಕಾಳಿಲ್ಲ. ಆದರೂ ಉಜ್ಜುವ ಉಕ್ಕಿನ ಕಡ್ಡಿ ತೆಗೆದುಕೊಂಡು ಕೈ ನೋಯುವ ತನಕ ತಿಕ್ಕಿದಳು.

ಎರಡನೆಯ ಅಚ್ಚಿನಲ್ಲಿ ಅವನು ಪಕ್ಕಕ್ಕೆ ತಿರುಗಿದ್ದ.

ಮತ್ತೆ ಉಜ್ಜಿದಳು. ಆಕ್ವಾಟಿಂಟಿನ ಕಾಳು ಬಹಳ ನಾಜೂಕು, ಅಚ್ಚು ಹಾಕಿದಷ್ಟೂ ಸವೆಯುತ್ತದೆ, ಚಿತ್ರ ಮಾಸುತ್ತದೆ. ಮೂರನೆಯದರಲ್ಲಿ ಮೋಡ ಒಂದಿಷ್ಟು ಮಾಸಿತ್ತು ಕೂಡ. ಬಂಡೆಯ ಮೇಲಿನವನು ಮಾಸಿರಲಿಲ್ಲ. ಈಗ ಪೂರ್ತಿ ಈ ಕಡೆ ತಿರುಗಿ ನಿಂತಿದ್ದ. ಮುಖ ಸಾಸಿವೆ ಕಾಳಿನಷ್ಟು, ಅದರಲ್ಲಿ ಕಣ್ಣು ಮೂಗು ಎಲ್ಲಿ ಕಾಣಬೇಕು? ಆದರೂ ತನ್ನನ್ನೇ ನೋಡುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಶೆಡ್ಡಿನಲ್ಲಿ ಪಾಚಿಯ ವಾಸನೆ, ಹೊಸ ನೀರು ಬಂದ ಹೊಳೆಯ ವಾಸನೆ. ಕಿಟಕಿಯಾಚೆ ಬಿಸಿಲು, ಪಕ್ಕದ ಮನೆಯ ಟಿ.ವಿ. ಸದ್ದು, ಯಾವುದೂ ನಿಂತಿರಲಿಲ್ಲ. ರೂಪ ಬಾಗಿಲು ಹಾಕದೆಯೇ ಓಡಿ ಬಂದು ಅಡುಗೆಮನೆಯಲ್ಲಿ ಅವ್ವನ ಪಕ್ಕ ಕೂತಳು. ಏನಾಯ್ತೆ ಎಂದರೆ ತಲೆನೋವು ಎಂದಳು.

ಆಮೇಲೆ ಶೆಡ್ಡಿಗೆ ಹೋಗುವುದಕ್ಕೇ ಹೆದರಿದಳು. ಹೋದಾಗಲೆಲ್ಲ ಪ್ರೆಸ್ಸಿನ ಮುಂದೆ ನೆಲ ತೇವವಾಗಿರುತ್ತಿತ್ತು. ಹೆಂಚು ಸೋರಿರಬೇಕು ಎಂದುಕೊಳ್ಳೋಣ ಎಂದರೆ ಮಳೆಯೇ ಇಲ್ಲ. ಅವ್ವನೂ ಯಾಕೋ ಮಾತು ಕಡಿಮೆ ಮಾಡಿದ್ದಳು. ಬೆಳಿಗ್ಗೆ ಹೊಸಿಲಿನಾಚೆಯ ಚೊಂಬನ್ನು ಎತ್ತಿಕೊಂಡು ತುಳಸಿಯ ಹತ್ತಿರ ಹೋಗದೆ ಸೀದಾ ಒಳಗೆ ಬಂದುಬಿಡುತ್ತಿದ್ದಳು.

ಅಮಾಸೆಯ ಹಿಂದಿನ ದಿನ, ಪ್ರತಿ ವರ್ಷದಂತೆ, ಶಂಕರಮ್ಮ ಅಗರದಿಂದ ಬಸ್ಸಿಳಿದು ಬಂದಳು. ಬಂದವಳು ಕಾಲು ತೊಳೆಯುವ ಮೊದಲೇ ಶುರು ಮಾಡಿದಳು.

“ಬಸ್ಸ್ಟ್ಯಾಂಡ್ ತಾವ ಷಡಕ್ಷರಿ ಸಿಕ್ಕಿದ್ದ. ರೂಪ ಅವರಪ್ಪನ ಎಸ್ರೇಳಿ ಧೂಪ ತಕಂಡೋದ್ಳು ಅಂದ. ನಂಗೆ ಒಟ್ಟೆ ತುಂಬ್ದಂಗಾಯ್ತು. ಎಲ್ಲಿ ಮಾದೇವಿ, ನಾಳೀಕೆ ಏನೇನು ಅಡುಗೆ?”

ಮಾದೇವಮ್ಮ ಮಗಳ ಮುಖ ನೋಡಿದಳು. ರೂಪ ತಲೆ ತಗ್ಗಿಸಿದಳು.

“ಎಸ್ರು ಯೋಳ್ದ್ಯಾ?”

“ಬಾಯ್ತಪ್ಪಿ ಬಂತು ಕಣವ್ವ.”

“ಬಾಯ್ತಪ್ಪಿ ಅಪ್ಪನ ಎಸ್ರು ಬಂದದಾ?” ಮಾದೇವಮ್ಮ ಮಗಳ ಎದುರಿಗೇ ಬಂದಳು. “ಜೀವ ಇರೋರ ಕರ್ದು ಸತ್ತೋರ ಸಾಲ್ಗೆ ನಿಲ್ಲಿಸ್ಬುಟ್ಟಲ್ಲೇ.”

“ಜೀವ ಎಲ್ಲದೆ ಮಾದೇವಿ?” ಎಂದಳು ಶಂಕರಮ್ಮ. ಸಿಟ್ಟಿನಲ್ಲೇ ಶುರುವಾದ ಮಾತು ಕೊನೆಗೆ ಬರುವಾಗ ಅಳುವಾಗಿತ್ತು. “ಅವ್ನು ನನ್ನ ಬೆನ್ನಿಂದೆ ಉಟ್ಟೋನು. ನಂಗೆ ಆಸೆ ಇಲ್ವಾ? ಕರ್ದದ್ದಂತೂ ಆಯ್ತು. ಕರ್ದ್ಬುಟ್ಟು ಎಡೆ ಇಕ್ಕ್ದೆ ಕೂರ್ಸುದ್ರೆ ಪಾಪ ಅಲ್ವಾ? ಅವ್ನು ಇಲ್ಲೇ ಬಾಗ್ಲಲ್ಲಿ ಅಸ್ಕಂಡು ನಿಂತವ್ನೆ.”

ಹೆದರಿಕೆಯೆಲ್ಲ ರೂಪನ ಬಾಯಿಗೆ ಬಂತು. ಬಂಡೆಯ ಮೇಲಿನವನ ವಿಷಯ, ಮೂರು ಅಚ್ಚಿನ ವಿಷಯ, ಒದ್ದೆ ನೆಲದ ವಿಷಯ, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವ್ವನ ಮುಖ ಬಿಳಿಚಿಕೊಂಡದ್ದು ಕಂಡು ಅಯ್ಯೋ ಎನ್ನಿಸಿ, ತಾನೇ ತಿರುವಿದಳು. “ಭಯ ಬೀಳೋಂಥದ್ದಲ್ಲ ಕಣವ್ವ. ಕಾಲೇಜಲ್ಲಿ ಅಪ್ಪನ ಬರ್ದಿದ್ನಲ್ಲ, ಅದೇ ಪ್ಲೇಟು. ಹಳೇದು ಮೇಲೆದ್ದದೆ, ಅಷ್ಟೇಯ. ತಡಿ, ತೋರಿಸ್ತೀನಿ.”

ಟ್ರಂಕಿನಿಂದ ಕಾಲೇಜಿನ ಅಚ್ಚನ್ನೂ, ಶೆಡ್ಡಿನಿಂದ ಮೂರನೆಯ ಅಚ್ಚನ್ನೂ ತಂದು ನಡುಮನೆಯಲ್ಲಿ ಪಕ್ಕಪಕ್ಕ ಹಾಸಿದಳು. ಮಾದೇವಮ್ಮ ಕನ್ನಡಕ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತಳು. ಹಳೆಯದನ್ನು ನೋಡಿದಳು. ಹೊಸದರಲ್ಲಿ ಆ ಬಂಡೆಯನ್ನು ಹುಡುಕಿ, ಬೆರಳಿಟ್ಟು, ಬಗ್ಗಿ ನೋಡಿದಳು. 

“ಇದು ಅದಲ್ಲ” ಎಂದಳು.

“ಅದೇ ಕಣವ್ವ, ತಾಮ್ರ…”

“ಇದ್ನ ನೋಡಿ ನಿಮ್ಮಪ್ಪ ನಕ್ಕಿದ್ದು ಗ್ಯಾಪ್ಕ ಇಲ್ವಾ? ಬಲಗೈನೋನು, ನಾನಲ್ಲ ಅಂತ.” ಬೆರಳು ಹಳೆಯ ಚಿತ್ರದಿಂದ ಹೊಸದಕ್ಕೆ ಬಂತು. “ಇವ್ರು ನೋಡು, ಯಾವ ಕೈಲಿ ಇಡ್ಕಂಡವ್ರೆ.”

ರೂಪ ನೋಡಿದಳು. ಮೂರು ಅಚ್ಚು ತೆಗೆದು, ಅಷ್ಟು ಸಲ ನೋಡಿ, ಹೆದರಿ ಓಡಿ ಬಂದವಳು ಅದೊಂದನ್ನು ನೋಡಿರಲಿಲ್ಲ. ಹಳೆಯ ಗೆರೆ ಎದ್ದಿದ್ದರೆ ಹಳೆಯ ಹಾಗೇ ಬಲಗೈಯಲ್ಲಿ ಹುಟ್ಟು ಇರಬೇಕಿತ್ತು. ಬಂಡೆಯ ಮೇಲೆ ತಮ್ಮ ಕಡೆ ಮುಖ ಮಾಡಿ ನಿಂತವನು ಹುಟ್ಟನ್ನು ಎಡಗೈಯಲ್ಲಿ ಹಿಡಿದಿದ್ದ. ತಾನು ಎಂದೂ ಬರೆಯದ ಅಪ್ಪ. ಅವಳು ಹಾಗೇ ಹಿಂದೆ ಸರಿದು ಗೋಡೆಗೊರಗಿದಳು.

ಮಾದೇವಮ್ಮ ಕನ್ನಡಕ ತೆಗೆದಳು. ಅವಳ ಮಾತು ಈಗ ಮೆತ್ತಗಿತ್ತು. “ನೀನು ಆ ಹೊಗೆ ಎಬ್ಬಿಸ್ದಾಗಿಂದ ಹೊಸ್ಲಾಚೆ ಚೊಂಬು ಬೆಳಿಗ್ಗೆ ಬರಿದಾಗಿರ್ತದೆ ಮಗ. ನಾಯಿ ಕುಡ್ದದೆ ಅನ್ಕಂಡೆ. ನಾಯಿ ಕುಡುದ್ರೆ ಚೊಂಬು ಉರುಳ್ಬೇಕಲ್ಲ? ನಂಗೆ ಗೊತ್ತಿತ್ತು. ಯೋಳ್ದ್ರೆ ದಿಟ ಆಗೋಯ್ತದಲ್ಲ ಅಂತ ಬಾಯ್ಬುಡ್ನಿಲ್ಲ.” ಅತ್ತಿಗೆಯ ಕಡೆ ತಿರುಗಿದಳು. “ಅತ್ಗೆ, ನಾಳೆ ಮೀನು ಸಿಕ್ಕದಾ?”

ಅಮಾಸೆಯ ದಿನ ಮಾದೇವಮ್ಮ ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಹೊಳೆ ಮೀನಿನ ಸಾರು, ರಾಗಿ ಮುದ್ದೆ, ಅನ್ನ, ವಡೆ, ಪಾಯಸ. ಗೋಡೆಗೆ ಹೊಸ ಪಂಚೆ, ಒಂದು ಕಟ್ಟು ಬೀಡಿ. ಶಿವನಂಜಯ್ಯನ ಫೋಟೋ ಗೋಡೆಯ ಮೇಲೆ ಇರಲಿಲ್ಲ, ಬದುಕಿರುವವರ ಫೋಟೋ ಯಾಕೆ ಎಂದು ಮಾದೇವಮ್ಮನೇ ಹಾಕಿಸಿರಲಿಲ್ಲ. ಆ ಜಾಗದಲ್ಲಿ ರೂಪ ಮೂರನೆಯ ಅಚ್ಚನ್ನು ನಿಲ್ಲಿಸಿದಳು. ಷಡಕ್ಷರಿಯ ಪೊಟ್ಟಣದಲ್ಲಿ ಉಳಿದಿದ್ದ ರಾಳವನ್ನು ಕೆಂಡದ ಮೇಲೆ ಸುರಿದರು. ಈ ಸಲ ಅದು ಧೂಪವೇ. ಎಲೆ ಹಾಕಿ, ಬಡಿಸಿ, ನೀರಿಟ್ಟು, ಕೈ ಮುಗಿದು, ಪದ್ಧತಿಯಂತೆ ಮೂವರೂ ಹೊರಗೆ ಬಂದು ಬಾಗಿಲೆಳೆದುಕೊಂಡರು. ಬಂದವರು ಉಣ್ಣುವ ತನಕ ಯಾರೂ ನೋಡಬಾರದು.

ಜಗಲಿಯಲ್ಲಿ ಕೂತಿದ್ದಾಗ ಮಾದೇವಮ್ಮ ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡಳು.

“ಅಯ್ಯೋ ಅತ್ಗೆ, ಚೊಂಬ ಎಡಕ್ಕಿಟ್ಬುಟ್ಟೆ. ನಮ್ಗೆಲ್ಲ ಇಟ್ಟಂಗೆ ಇಟ್ಬುಟ್ಟೆ. ಇಷ್ಟು ವರ್ಸ ಅವ್ರಿಗೆ ಇಕ್ಕ್ದೆ ಅಭ್ಯಾಸ ತಪ್ಪೋಗದೆ.”

“ಆಗ್ಲಿ ಕೂತ್ಕೊ. ಈಗ ಬಾಗ್ಲು ತೆಗೀಬಾರ್ದು.”

“ಎಡಗೈ ಎಂಜಲಾಗಿರ್ತದೆ. ಹೆಂಗೆ ಕುಡ್ದಾರು? ಬಾಯಾರ್ಕಂಡೇ ಎದ್ದೋಯ್ತಾರೆ ಕಣತ್ಗೆ.” ಮಗುವಿನ ಹಾಗೆ ಏಳುವುದು, ಕೂರುವುದು ಮಾಡಿದಳು. ಶಂಕರಮ್ಮ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಳು. ಒಳಗೆ ಏನೂ ಸದ್ದಿಲ್ಲ. ಒಂದು ಸಲ ಮಾತ್ರ ಹಿತ್ತಾಳೆ ನೆಲಕ್ಕೆ ತಾಗಿದ ಹಾಗೆ ಟಣ್ ಎಂದಿತು, ಅಥವಾ ಹಾಗೆಂದು ರೂಪನಿಗೆ ಅನ್ನಿಸಿತು. ಅವಳು ಅವ್ವನ ಮುಖ ನೋಡಿದಳು. ಅವ್ವ ಬಾಗಿಲನ್ನೇ ನೋಡುತ್ತಿದ್ದಳು.

ಧೂಪದ ವಾಸನೆ ಕಡಿಮೆಯಾದ ಮೇಲೆ ಶಂಕರಮ್ಮ ಮೂರು ಸಲ ಕೆಮ್ಮಿ, ಬಾಗಿಲು ತಟ್ಟಿ, ತೆಗೆದಳು.

ಎಲೆಯ ಮೇಲಿನದೆಲ್ಲ ಬಡಿಸಿದ ಹಾಗೇ ಇತ್ತು. ಎಲೆಯ ಎಡಗಡೆ, ಚೊಂಬು ಇಟ್ಟಿದ್ದ ಕಡೆ, ನೆಲದ ಮೇಲೆ ದುಂಡಗೆ ಒಂದು ಒದ್ದೆ ಗುರುತು. ಚೊಂಬು ಬಲಗಡೆ ಇತ್ತು.

ಮೂವರೂ ಹೊಸಿಲಲ್ಲೇ ನಿಂತರು.  ಮೊದಲು ಒಳಗೆ ಹೋದವಳು ಮಾದೇವಮ್ಮ. ಎಲೆಯ ಮುಂದೆ ಕೂತು, ಚೊಂಬಿನೊಳಗೆ ಬಗ್ಗಿ ನೋಡಿ, ಸೆರಗಿನಿಂದ ಅದರ ಕಂಠವನ್ನು ಒರೆಸಿದಳು.

“ನಾ ಮರ್ತೆ” ಎಂದಳು. “ಅವ್ರೇ ಸರಿ ಮಾಡ್ಕಂಡವ್ರೆ.”

ಆಮೇಲೆ ಅತ್ತಳು. ಹೊಳೆ ತುಂಬಿ ಬಂದ ಆ ವರ್ಷ ಅಳದಿದ್ದ ಅಳುವನ್ನೆಲ್ಲ ಅತ್ತಳು, ರೂಪನೂ ಅವಳ ತೊಡೆಯ ಮೇಲೆ ಬಿದ್ದು ಅತ್ತಳು. ಅತ್ತು ಮುಗಿದ ಮೇಲೆ ಮಾದೇವಮ್ಮ ಬಳೆಗಳನ್ನು ಒಡೆಯದೆ ತಾನೇ ಬಿಚ್ಚಿ ಎಲೆಯ ಪಕ್ಕದಲ್ಲಿಟ್ಟಳು. ಶಂಕರಮ್ಮ ಹಣೆಯ ಕಡೆ ಕೈ ಚಾಚಿದಾಗ ಮಾತ್ರ ಹಿಂದಕ್ಕೆ ಸರಿದಳು. “ಕುಂಕುಮ ಅಳಿಸ್ಬ್ಯಾಡ ಅತ್ಗೆ. ಇದು ನಮ್ಮವ್ವ ಇಕ್ಕಿದ್ದು.” ಶಂಕರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಗೋಡೆಗೆ ನಿಲ್ಲಿಸಿದ್ದ ಅಚ್ಚಿನ ಕಡೆ ಆಗ ನೋಡಿದರೆ, ಬಂಡೆಯ ಮೇಲೆ ಯಾರೂ ಇರಲಿಲ್ಲ.

ಆ ಸಂಜೆ ಮಾದೇವಮ್ಮ ಹೊಸಿಲಿನಾಚೆ ಚೊಂಬು ಇಡಲಿಲ್ಲ.

ದಸರಾ ರಜೆಯಲ್ಲಿ ರೂಪ ಧೈರ್ಯ ಮಾಡಿ ಇನ್ನೊಂದು ಅಚ್ಚು ತೆಗೆದಳು. ಪಾಚಿಯ ವಾಸನೆ ಇರಲಿಲ್ಲ, ನೆಲ ಒಣಗಿತ್ತು. ಮೋಡ, ನೀರು, ಬೆಟ್ಟ ಎಲ್ಲ ಇದ್ದವು. ಬಂಡೆ ಬೆಳ್ಳಗೆ, ಬರಿದಾಗಿ, ಅವಳು ಮೊದಲು ಅಂದುಕೊಂಡಿದ್ದ ಹಾಗೇ ಬಂದಿತ್ತು. ಇದೇ ಬೇಕಿತ್ತಲ್ಲ ನಿನಗೆ, ಎಂದು ತನ್ನನ್ನೇ ಕೇಳಿಕೊಂಡಳು. 

ಮಾದೇವಮ್ಮ ಕಾಫಿ ಹಿಡಿದುಕೊಂಡು ಬಂದವಳು ಲೋಟ ಪಕ್ಕಕ್ಕಿಟ್ಟು ಚಿತ್ರ ನೋಡಿದಳು. ಬೋಳು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೋಡುತ್ತ ನಿಂತಳು.

“ಅಲ್ಲಿ ಒಬ್ರ ನಿಲ್ಸವ್ವ” ಎಂದಳು.

“ಯಾಕವ್ವ?”

“ಆಳಿಲ್ದಿದ್ರೆ ಆ ನೀರು ಎಷ್ಟು ದೊಡ್ಡದು ಅಂತ ನೋಡ್ದೋರ್ಗೆ ಎಂಗೆ ಗೊತ್ತಾದದು?”

ಬಿಳಿಯನ ಚಿತ್ರದ ವಿಷಯವನ್ನಾಗಲಿ, ಅಳತೆಯ ಆಳಿನ ವಿಷಯವನ್ನಾಗಲಿ ರೂಪ ಅವ್ವನಿಗೆ ಎಂದೂ ಹೇಳಿದವಳಲ್ಲ. ಕಾಫಿ ಕುಡಿದು ಮುಗಿಸಿದಳು. ಪ್ಲೇಟನ್ನು ತೊಳೆದು, ಒರೆಸಿ, ಮತ್ತೆ ಮೇಣ ಹಚ್ಚಿದಳು. ಅವ್ವ ಪಕ್ಕದಲ್ಲೇ ಸ್ಟೂಲೆಳೆದುಕೊಂಡು ಕೂತಳು. ರೂಪ ಸೂಜಿ ತೆಗೆದುಕೊಂಡು, ಬಂಡೆಯ ನೆತ್ತಿಯ ಮೇಲೆ ಅಪ್ಪನನ್ನು ನಿಲ್ಲಿಸಿ, ಈ ಸಲ ಮರೆಯದೆ, ತಾಮ್ರದ ಮೇಲೆ ಅವನ ಬಲಗೈಗೆ ಹುಟ್ಟು ಕೊಟ್ಟಳು.